ಬಿಸಿಯೂಟದ ಹಿಂದೊಂದು ಅರ್ಜಿ

ಶಾಲೆಯ ಬಿಸಿಯೂಟವೆಂದರೆ ಸರ್ಕಾರ ಕನಿಕರಪಟ್ಟು ಕೊಟ್ಟದ್ದೆಂದೇ ನಮ್ಮಲ್ಲಿ ಬಹಳ ಮಂದಿಯ ತಿಳಿವಳಿಕೆ. "ಅನ್ನ ಹಾಕಿ ಕರೆದರೇನೇ ಮಕ್ಕಳು ಬರೋದು" ಎಂದು ಮೂಗು ಮುರಿಯುವವರನ್ನು ಶಿಕ್ಷಕರ ಕೊಠಡಿಯಲ್ಲೇ ಕಂಡಿದ್ದೇನೆ. ಆ ತಟ್ಟೆಯ ಹಿಂದೆ ಒಂದು ವ್ಯಾಜ್ಯದ ಕಥೆಯಿದೆ.

2001ರಲ್ಲಿ ರಾಜಸ್ಥಾನಕ್ಕೆ ಸತತ ಮೂರನೆಯ ವರ್ಷದ ಬರ. ಹಳ್ಳಿಗಳಲ್ಲಿ ಹಸಿವು; ಇತ್ತ ದೇಶದ ಸರ್ಕಾರಿ ಗೋದಾಮುಗಳಲ್ಲಿ ಸುಮಾರು 5 ಕೋಟಿ ಟನ್ ಧಾನ್ಯ. ಇಡಲು ಜಾಗವಿಲ್ಲದೆ ಎಷ್ಟೋ ಮೂಟೆಗಳು ಮುಗ್ಗಿ ಇಲಿಗಳ ಪಾಲಾಗುತ್ತಿದ್ದವು. ಆ ಏಪ್ರಿಲ್‌ನಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಘಟನೆ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿತು. ಅದು ಕೇಳಿದ್ದು ಮನೆ ನಡೆಸುವ ಯಾವ ಹೆಂಗಸಾದರೂ ಕೇಳುವ ಪ್ರಶ್ನೆಯೇ. ಕಣಜ ತುಂಬಿರುವಾಗ ಮನೆಯವರೇಕೆ ಉಪವಾಸ ಮಲಗಬೇಕು? ಸಂವಿಧಾನದ 21ನೆಯ ವಿಧಿ ಜೀವಿಸುವ ಹಕ್ಕನ್ನು ಕೊಟ್ಟಿದೆ, ಅನ್ನವಿಲ್ಲದೆ ಜೀವ ಎಲ್ಲಿಯದು ಎಂಬುದು ಅರ್ಜಿಯ ವಾದ.

ಮಕ್ಕಳಿಗೆ ಮಧ್ಯಾಹ್ನದ ಊಟ ಕೊಡುವ ಕೇಂದ್ರದ ಯೋಜನೆ 1995ರಲ್ಲೇ ಬಂದಿತ್ತು. ಆದರೆ ಹೆಚ್ಚಿನ ರಾಜ್ಯಗಳು ಒಲೆ ಹಚ್ಚುವ ಗೋಜಿಗೆ ಹೋಗದೆ, ಶೇಕಡಾ 80ರ ಹಾಜರಿ ನೋಡಿ ತಿಂಗಳಿಗೆ 3 ಕಿಲೋ ಧಾನ್ಯ ಅಳೆದು ಕೊಟ್ಟು ಕೈತೊಳೆದುಕೊಂಡವು. 2001ರ ನವೆಂಬರ್ 28ರಂದು ಕೋರ್ಟು ಮಧ್ಯಂತರ ಆದೇಶ ಕೊಟ್ಟಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕು. ಅದರಲ್ಲಿ ಕನಿಷ್ಠ 300 ಕ್ಯಾಲರಿ, 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು. ವರ್ಷಕ್ಕೆ ಕನಿಷ್ಠ 200 ದಿನ ಬಡಿಸಬೇಕು. ಆರು ತಿಂಗಳ ಗಡುವು.

'ಬೇಯಿಸಿದ' ಎಂಬ ಆ ಒಂದು ಪದದ ಬೆಲೆ ನಮಗೆ, ಹೆಂಗಸರಿಗೆ, ಬೇಗ ಗೊತ್ತಾಗುತ್ತದೆ. 3 ಕಿಲೋ ಅಕ್ಕಿ ಮನೆಗೆ ಹೋದರೆ ಎಲ್ಲರ ಪಾತ್ರೆಗೂ ಬೀಳುತ್ತದೆ, ತಳ ಕೆರೆಯುವಾಗ ಕೊನೆಗೆ ಕೂರುವವಳು ಹುಡುಗಿ. ಶಾಲೆಯ ತಟ್ಟೆಯಲ್ಲಿ ಬಿದ್ದದ್ದು ಅವಳ ಹೊಟ್ಟೆಗೇ.

ನಮ್ಮ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಬೀದರ್, ರಾಯಚೂರು ಮೊದಲಾದ 7 ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಶುರುವಾಯಿತು. ಮರುವರ್ಷ ಉಳಿದೆಡೆಗೂ ಬಂತು. ಹೆಸರು ನನಗೆ ಇಷ್ಟ. ದಾಸೋಹ ಭಿಕ್ಷೆಯಲ್ಲ, ಅಲ್ಲಿ ಬಗ್ಗಬೇಕಾದವರು ನೀಡುವವರು. ನಾವು ಚಿಕ್ಕವರಿದ್ದಾಗಲೂ ಶಾಲೆಯಲ್ಲಿ ಉಪ್ಪಿಟ್ಟು ಕೊಡುತ್ತಿದ್ದರು. ಹಿಟ್ಟು-ರವೆ ಬಂದರೆ ಉಂಟು, ಬಾರದಿದ್ದರೆ ಇಲ್ಲ, ಕೇಳುವವರು ಯಾರು? ಈಗ ಕೇಳಬಹುದು.

ಕೋರ್ಟು ಅಲ್ಲಿಗೇ ನಿಲ್ಲಲಿಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ ಕೊಡಬೇಕೆಂದು 2004ರ ಏಪ್ರಿಲ್ 20ರಂದು ಹೇಳಿತು. ಹಸಿವಿಗೆ ತಕರಾರಿಲ್ಲದ ಊರುಗಳಲ್ಲಿ ಸೌಟು ಹಿಡಿದ ಕೈಗೆ ತಕರಾರು ಎದ್ದಿತು. ನಾನಿದ್ದ ಒಂದು ಹಳ್ಳಿಯಲ್ಲಿ ಹೊಸ ಅಡುಗೆಯಾಕೆ ಬಂದ ವಾರವೇ ಮೂರನೆಯ ಒಂದು ಪಾಲು ಮಕ್ಕಳ ಕೈಯಲ್ಲಿ ಮನೆಯ ಡಬ್ಬಿ. ಹೊಟ್ಟೆನೋವು, ಖಾರ ಹೆಚ್ಚು ಎಂಬ ನೆಪ. ನಿಜವಾದ ಕಾರಣ ಯಾರ ಬಾಯಿಂದಲೂ ಬರಲಿಲ್ಲ. ನಾವು ಮೂವರು ಶಿಕ್ಷಕಿಯರು ದಿನಾ ಮಕ್ಕಳ ಸಾಲಿನಲ್ಲೇ ಕೂತು ಉಂಡೆವು. ಡಬ್ಬಿಗಳು ಒಂದೊಂದಾಗಿ ಕಡಿಮೆಯಾದವು, ಎರಡು ಮನೆಯವು ಮಾತ್ರ ವರ್ಷವಿಡೀ ಬಂದವು. ಆಕೆ ಹೋಗಲಿಲ್ಲ. ಆದೇಶವಿಲ್ಲದಿದ್ದರೆ ಆಕೆಯನ್ನು ಒಂದೇ ದಿನದಲ್ಲಿ ಕಳಿಸಿಬಿಡುತ್ತಿದ್ದರು, ನಮ್ಮ ಊಟದಿಂದ ಏನೂ ಆಗುತ್ತಿರಲಿಲ್ಲ.

2013ರಲ್ಲಿ ಆಹಾರ ಭದ್ರತಾ ಕಾಯ್ದೆ ಬಂದು ಊಟ ಶಾಸನಬದ್ಧ ಹಕ್ಕಾಯಿತು. ಅಲ್ಲಿಯವರೆಗೆ ಕೋಟ್ಯಂತರ ಮಕ್ಕಳು ಉಂಡದ್ದು ಮಧ್ಯಂತರ ಆದೇಶಗಳ ಬಲದ ಮೇಲೆ.

ಬೇಯಿಸುವವಳ ಪಾಡು ಬೇರೆ. 2009ರಲ್ಲಿ ಕೇಂದ್ರ ಅವಳಿಗೆ ಗೊತ್ತುಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷದಲ್ಲಿ ಹತ್ತೇ ತಿಂಗಳು. ನಮ್ಮದೂ ಸೇರಿ ಕೆಲವು ರಾಜ್ಯಗಳು ಅದಕ್ಕೆ ತಮ್ಮ ಪಾಲು ಸೇರಿಸಿವೆ. ಉತ್ತರ ಪ್ರದೇಶದ ಅಡುಗೆಯಾಕೆಯೊಬ್ಬಳು ಅಲಹಾಬಾದ್ ಹೈಕೋರ್ಟಿಗೆ ಹೋದಳು. ಇಷ್ಟು ಕಾಸಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಯೇ ಎಂದು 2020ರ ಡಿಸೆಂಬರ್‌ನಲ್ಲಿ ಆ ಕೋರ್ಟು ಹೇಳಿತು. ನಮ್ಮ ಶಾಲೆಗಳಲ್ಲಿ ಬೆಳಿಗ್ಗೆಯೇ ಬಂದು ಒಲೆ ಹಚ್ಚುವವರಿಗೆ ಈಗಲೂ ಸಿಗುವುದಕ್ಕೆ ಗೌರವಧನವೆಂದೇ ಹೆಸರು, ಸಂಬಳವೆಂದಲ್ಲ.