ನಿರ್ವಿಚಿಕಿತ್ಸೆ ಮತ್ತು ವೈದ್ಯಧರ್ಮ: ಬೆಂಗಳೂರಿನ ಪ್ಲೇಗಿನ ದಿನಗಳಲ್ಲಿ ಡಾ. ಪಲ್ಪು

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ದೇಹದ ಹೊಲಸನ್ನು ಕಂಡು ಹೇಸದೆ ಒಳಗಿನ ಗುಣವನ್ನು ಗೌರವಿಸುವುದೇ ಇದರ ತಿರುಳು. ಶಾಸ್ತ್ರದಲ್ಲಿ ಮುಖ್ಯವಾಗಿ ಮುನಿಗಳ ಶರೀರವನ್ನು ಕುರಿತು ಹೇಳಿದ ಈ ಮಾತು ಶ್ರಾವಕನ ನಿತ್ಯಜೀವನದಲ್ಲಿ ಪರೀಕ್ಷೆಗೆ ಒಳಗಾಗುವುದು ರೋಗಿಯ ಹಾಸಿಗೆಯ ಬಳಿಯಲ್ಲಿ. ಉದ್ದಾಯನ ರಾಜನ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದವರು ವಿರಳ. ಆದರೆ ಊರಿಗೆ ಊರೇ ಹೆದರಿ ಓಡುವಾಗ ಈ ಅಂಗವನ್ನು ಪಾಲಿಸುವುದು ಎಷ್ಟು ಕಠಿಣವೆಂಬುದನ್ನು ತಿಳಿಯಲು ನಮ್ಮ ನಗರದ ಇತಿಹಾಸದ ಪುಟಗಳನ್ನೇ ತಿರುವಿ ನೋಡಬಹುದು.

ಇಂದಿನ ಶೇಷಾದ್ರಿಪುರಂ ಬಡಾವಣೆಯು ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತಿದೆ. ಅವರು 1883ರಿಂದ 1901ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಅವರ ಆಡಳಿತದ ಕೊನೆಯ ವರ್ಷಗಳಲ್ಲಿಯೇ, 1898ರ ಆಗಸ್ಟ್ ತಿಂಗಳಿನಲ್ಲಿ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಪಿಡುಗು ಹುಬ್ಬಳ್ಳಿಯ ಕಡೆಯಿಂದ ರೈಲು ಮಾರ್ಗವಾಗಿ ಬಂದಿತು. ಗಾಳಿ ಬೆಳಕಿಲ್ಲದ ಮನೆಗಳು, ಕಿರಿದಾದ ಗಲ್ಲಿಗಳು, ಧಾನ್ಯದ ಅಂಗಡಿಗಳ ಇಲಿಗಳು, ಇವೆಲ್ಲ ಸೇರಿ ಹಳೆಯ ಪೇಟೆಯು ರೋಗದ ಬೀಡಾಯಿತು. ಸಾವಿರಾರು ಮಂದಿ ಮಡಿದರು. ಅಂಗಡಿಗಳು ಮುಚ್ಚಿದವು, ಮನೆಗಳಿಗೆ ಬೀಗ ಬಿದ್ದಿತು.

ಅಂದಿನ ವೈದ್ಯನ ಕೈಯಲ್ಲಿ ಇದ್ದುದಾದರೂ ಏನು? ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದನು. ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಲಸಿಕೆಯನ್ನು ಸಿದ್ಧಪಡಿಸಿದ್ದನು. ಆದರೆ ಇಲಿಯ ಮೈಮೇಲಿನ ಚಿಗಟದಿಂದ ರೋಗವು ಹರಡುವುದೆಂಬ ವಿಚಾರವನ್ನು ಸೀಮೊಂಡ್ ಮುಂದಿಟ್ಟದ್ದು 1898ರಲ್ಲಿ. ಅದನ್ನು ಬಹುಜನ ವೈದ್ಯರು ಒಪ್ಪಲು ಇನ್ನೂ ಹಲವು ವರ್ಷಗಳೇ ಹಿಡಿದವು. ಹಿಡಿದ ರೋಗವನ್ನು ವಾಸಿಮಾಡುವ ಔಷಧಿಯಂತೂ ಇರಲಿಲ್ಲ. ರೋಗಿಯನ್ನು ಬೇರೆ ಇಡುವುದು, ಮನೆಯನ್ನು ಶುದ್ಧಿಗೊಳಿಸುವುದು, ಜನರನ್ನು ಊರ ಹೊರಗಿನ ಶಿಬಿರಗಳಿಗೆ ಸಾಗಿಸುವುದು, ಇಷ್ಟೇ ಸಾಧ್ಯವಿದ್ದ ಉಪಾಯ. ಜನರಿಗೆ ರೋಗದಷ್ಟೇ ಭಯವು ಶಿಬಿರದ ಬಗೆಗೂ ಇತ್ತು. ರೋಗಿಗಳನ್ನು ಬಚ್ಚಿಡುತ್ತಿದ್ದರು. ಹೀಗಾಗಿ ವೈದ್ಯನು ರೋಗದೊಂದಿಗೆ ಮಾತ್ರವಲ್ಲದೆ ಜನರ ಅಪನಂಬಿಕೆಯೊಂದಿಗೂ ಹೋರಾಡಬೇಕಾಗಿತ್ತು.

ಸಂಸ್ಥಾನದ ಪ್ಲೇಗ್ ಕಮೀಷನರಾಗಿ ವಿ. ಪಿ. ಮಾಧವರಾಯರು ನಿಯುಕ್ತರಾದರು. ಶಿಬಿರಗಳ ಮೇಲ್ವಿಚಾರಣೆಯಲ್ಲಿ ದುಡಿದ ವೈದ್ಯರಲ್ಲಿ ಡಾ. ಪದ್ಮನಾಭನ್ ಪಲ್ಪು ಅವರ ಹೆಸರು ಸ್ಮರಣೀಯ. 1863ರಲ್ಲಿ ತಿರುವನಂತಪುರದ ಪೇಟ್ಟ ಎಂಬಲ್ಲಿ ಈಳವ ಕುಟುಂಬದಲ್ಲಿ ಹುಟ್ಟಿದ ಇವರಿಗೆ, ಯೋಗ್ಯತೆಯಿದ್ದರೂ ತಿರುವಾಂಕೂರಿನಲ್ಲಿ ವೈದ್ಯಕೀಯ ವ್ಯಾಸಂಗದ ಬಾಗಿಲು ತೆರೆಯಲಿಲ್ಲ. ಮದರಾಸಿಗೆ ಹೋಗಿ ಕಷ್ಟಪಟ್ಟು ಓದಿ ವೈದ್ಯರಾಗಿ ಹಿಂದಿರುಗಿದರೆ, ಜಾತಿಯ ಕಾರಣದಿಂದ ಅಲ್ಲಿನ ಸರ್ಕಾರದ ನೌಕರಿಯೂ ದೊರೆಯಲಿಲ್ಲ. ತಮ್ಮ ನಾಡು ಬೇಡವೆಂದ ಈ ವೈದ್ಯರನ್ನು ಮೈಸೂರು ಸಂಸ್ಥಾನವು ಬರಮಾಡಿಕೊಂಡಿತು. ಇಲ್ಲಿ ಅವರು ಮೊದಲು ಸಿಡುಬಿನ ಲಸಿಕೆಗೆ ಸಂಬಂಧಿಸಿದ ಇಲಾಖೆಯಲ್ಲಿ ಸೇವೆ ಸಲ್ಲಿಸಿದರು.

ಅವರ ಬೆಂಗಳೂರಿನ ಮನೆಯು ಬರಿಯ ವೈದ್ಯರ ಬಿಡಾರವಾಗಿರಲಿಲ್ಲ. ಮುಂದೆ ಮಲಯಾಳದ ಮಹಾಕವಿಯೆನಿಸಿದ ಕುಮಾರನ್ ಆಶಾನ್ ಅವರು 1895ರಲ್ಲಿ ನಾರಾಯಣ ಗುರುಗಳ ಪ್ರೇರಣೆಯಿಂದ ಇಲ್ಲಿಗೆ ಬಂದು, ಪಲ್ಪು ಅವರ ಆಶ್ರಯದಲ್ಲಿದ್ದು ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದಿದರು. ಪ್ಲೇಗಿನ ದೆಸೆಯಿಂದ 1898ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಅವರು ನಗರವನ್ನು ತೊರೆಯಬೇಕಾಯಿತು. ಪಲ್ಪು ಅವರ ಪುತ್ರ, ನಂತರ ನಟರಾಜ ಗುರುಗಳೆಂದು ಪ್ರಸಿದ್ಧರಾದವರು, ಬೆಂಗಳೂರಿನಲ್ಲಿಯೇ 1895ರಲ್ಲಿ ಜನಿಸಿದರು. ಪ್ಲೇಗು ಬಂದಾಗ ಆ ಮನೆಯಲ್ಲಿ ಮೂರು ವರ್ಷದ ಮಗುವಿತ್ತು. ಹೋಗಬಲ್ಲವರೆಲ್ಲ ಊರು ಬಿಟ್ಟು ಹೋಗುತ್ತಿದ್ದಾಗ ಮನೆಯ ಯಜಮಾನನು ರೋಗಿಗಳ ಶಿಬಿರದ ಹೊಣೆಯನ್ನು ಹೊತ್ತಿದ್ದನೆಂಬುದನ್ನು ಗೃಹಸ್ಥರಾದವರು ಯೋಚಿಸಬೇಕು.

ಶಿಬಿರಕ್ಕೆ ಬಂದ ರೋಗಿಗಳಲ್ಲಿ ಎಲ್ಲ ಕುಲದವರೂ ಇದ್ದರು. ಹುಟ್ಟಿನ ನೆಪದಿಂದ ಒಮ್ಮೆ ತಿರಸ್ಕೃತವಾಗಿದ್ದ ಕೈಯೇ ಅವರ ಆರೈಕೆಯ ವ್ಯವಸ್ಥೆಯನ್ನು ನಡೆಸಿತು. ಆಚಾರ್ಯ ಸಮಂತಭದ್ರರು ಎಣಿಸಿದ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳೂ ಸೇರಿವೆ. ಒಂದು ಸಂಸ್ಥಾನವು ಆ ಮದಕ್ಕೆ ಸಿಕ್ಕಿ ಕಳೆದುಕೊಂಡುದನ್ನು ಮತ್ತೊಂದು ಸಂಸ್ಥಾನವು ಗಳಿಸಿಕೊಂಡಿತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಅಹಂಕಾರದ ಖಾತೆಯಲ್ಲಿ ನಷ್ಟವಲ್ಲದೆ ಬೇರೇನೂ ಜಮೆಯಾಗುವುದಿಲ್ಲ.

ಮೈಸೂರು ಸರ್ಕಾರವು ಪಲ್ಪು ಅವರನ್ನು ಹೆಚ್ಚಿನ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಕಳುಹಿಸಿತು. ಮುಂದೆ ಅವರು ಬೆಂಗಳೂರು ನಗರದ ಆರೋಗ್ಯಾಧಿಕಾರಿಯೂ ಆದರು. ತಮಗಾದ ಅನ್ಯಾಯವನ್ನು ಅವರು ಮರೆಯಲಿಲ್ಲ. ಆದರೆ ಅದನ್ನು ದ್ವೇಷವಾಗಿ ಬೆಳೆಸದೆ ಸಮಾಜಕಾರ್ಯವನ್ನಾಗಿ ಪರಿವರ್ತಿಸಿದರು. 1896ರಲ್ಲಿ 13,176 ಜನರ ಸಹಿಯುಳ್ಳ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿದರು. 1903ರಲ್ಲಿ ನಾರಾಯಣ ಧರ್ಮ ಪರಿಪಾಲನ ಯೋಗವು ಸ್ಥಾಪನೆಯಾಗುವಲ್ಲಿ ಪ್ರಮುಖ ಪಾತ್ರ ವಹಿಸಿದರು. 1950ರಲ್ಲಿ ಅವರು ಕಾಲವಾದರು.

ಪ್ಲೇಗಿನ ತರುವಾಯ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಂದಿಗೆ ಬೆಳೆದವು. ನಗರದ ರೂಪ ಬದಲಾಯಿತು. ಮನುಷ್ಯನ ಭಯ ಮಾತ್ರ ಬದಲಾಗಲಿಲ್ಲ. 2020ರಲ್ಲಿ ಕೊರೋನಾ ಬಂದಾಗ, ಆಸ್ಪತ್ರೆಯಲ್ಲಿ ದುಡಿಯುವ ವೈದ್ಯರಿಗೂ ದಾದಿಯರಿಗೂ ಬಾಡಿಗೆ ಮನೆಯನ್ನು ಬಿಡುವಂತೆ ಹೇಳಿದ ಸುದ್ದಿಗಳು ದೇಶದ ಹಲವೆಡೆಗಳಿಂದ ಬಂದವು. ನೂರಿಪ್ಪತ್ತು ವರ್ಷಗಳಿಗೂ ಮಿಗಿಲಾದ ಕಾಲವು ಕಳೆದರೂ ವಿಚಿಕಿತ್ಸೆಯು ನಮ್ಮ ಹೊಸ್ತಿಲಲ್ಲಿಯೇ ನಿಂತಿದೆ.

ಔಷಧದಾನವು ಚತುರ್ವಿಧ ದಾನಗಳಲ್ಲೊಂದು. ಅದಕ್ಕೆ ವೃಷಭಸೇನೆಯನ್ನು ದೃಷ್ಟಾಂತವಾಗಿ ಹೇಳಿದ್ದಾರೆ. ಬಸದಿಗಳ ಟ್ರಸ್ಟುಗಳು ಚಿಕಿತ್ಸಾಲಯಗಳನ್ನು ತೆರೆಯುವುದೂ ಔಷಧಿಗಳನ್ನು ಹಂಚುವುದೂ ಶ್ಲಾಘ್ಯವೇ. ಆದರೆ ದಾನವು ಶೀಸೆಯೊಂದಿಗೆ ಮುಗಿಯುವುದಿಲ್ಲ. ಬಂದ ರೋಗಿಯ ಕುಲವನ್ನು ಕೇಳದೆ, ಅವನ ಮೈಯ ವಾಸನೆಗೆ ಮುಖ ತಿರುಗಿಸದೆ, ಪಕ್ಕದಲ್ಲಿ ಕುಳಿತು ಮಾತನಾಡಿಸುವವರು ಅಲ್ಲಿ ಇದ್ದಾರೆಯೇ ಎಂಬುದನ್ನು ಧರ್ಮದರ್ಶಿಗಳು ಲೆಕ್ಕಪತ್ರಗಳ ಜೊತೆಗೆ ವರ್ಷಕ್ಕೊಮ್ಮೆಯಾದರೂ ಪರಿಶೀಲಿಸಬೇಕು.