ಗಂಡ ಯಜಮಾನನಾದದ್ದು ಹೇಗೆ?

ದೇವನಹಳ್ಳಿ ತಾಲ್ಲೂಕಿನ ಕುಂದಾಣದಂಥ ಊರುಗಳಲ್ಲಿ ಹಳೆಯ ತಲೆಮಾರಿನ ಹೆಂಗಸರು ಗಂಡನ ಹೆಸರು ಹಿಡಿದು ಹೇಳುವುದಿಲ್ಲ. ‘ನಮ್ಮ ಯಜಮಾನ್ರು’ ಎನ್ನುತ್ತಾರೆ. ಬಯಲುಸೀಮೆಯಲ್ಲಿ ಯಜಮಾನನೆಂದರೆ ಗಂಡ. ಹೀಗಾಗಿ ‘ಗಂಡನೇ ಹೆಂಡತಿಗೆ ತಲೆ’ ಎಂಬ ಕ್ರೈಸ್ತ ಬೋಧನೆ ಇಲ್ಲಿನವರ ಕಿವಿಗೆ ಹೊಸದಾಗಿ ಕೇಳಿಸುವಂಥದ್ದಲ್ಲ. ಆದರೆ ಇದೇ ಬೋಧನೆ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಕರಾವಳಿಯ ಅಳಿಯಸಂತಾನದ ಮನೆಗಳನ್ನು ತಲುಪಿದಾಗ ಅಲ್ಲಿನ ಮನೆಯ ಕಟ್ಟನ್ನೇ ಬದಲಿಸಿತು.

ಈ ಬೋಧನೆಯ ಮೂಲ ಬೈಬಲಿನ ಹೊಸ ಒಡಂಬಡಿಕೆಯಲ್ಲಿದೆ. ಪೌಲನ ಹೆಸರಿನಲ್ಲಿರುವ, ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯವು ಕ್ರಿಸ್ತನಿಗೂ ಸಭೆಗೂ ಇರುವ ಸಂಬಂಧವನ್ನು ದಾಂಪತ್ಯಕ್ಕೆ ಹೋಲಿಸಿ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆನ್ನುತ್ತದೆ. ಅದೇ ಅಧ್ಯಾಯಕ್ಕೆ ಇನ್ನೊಂದು ಮುಖವೂ ಇದೆ. ಗಂಡನಾದವನು ಹೆಂಡತಿಯನ್ನು ತನ್ನ ದೇಹದಂತೆಯೇ ಪ್ರೀತಿಸಬೇಕು, ಅವಳಿಗಾಗಿ ತನ್ನನ್ನೇ ಕೊಟ್ಟುಕೊಳ್ಳಬೇಕು ಎಂದು ಅದು ವಿಧಿಸುತ್ತದೆ. ಇವೆರಡಕ್ಕೂ ಮೊದಲು ಎಲ್ಲರೂ ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬ ಮಾತೂ ಬರುತ್ತದೆ.

ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಿಂದ ಕ್ರೈಸ್ತರಾದವರಲ್ಲಿ ಬಿಲ್ಲವರ ಸಂಖ್ಯೆ ದೊಡ್ಡದು. ಬಂಟರಂತೆ ಬಿಲ್ಲವರದೂ ಅಳಿಯಸಂತಾನ ಪದ್ಧತಿ. ಭೂತಾಳಪಾಂಡ್ಯನ ಕಟ್ಟು ಎಂದು ತುಳುನಾಡಿನ ಐತಿಹ್ಯ ಹೇಳುವ ಈ ಪದ್ಧತಿಯಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿದು ಬರುತ್ತದೆ. ಗಂಡಸಿನ ಸೊತ್ತು ಹೋಗುತ್ತಿದ್ದುದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಹೆಣ್ಣು ಮದುವೆಯಾಗಿ ಗಂಡನ ಜೊತೆ ಹೋದರೂ ತನ್ನ ತಾಯಿಯ ಕುಟುಂಬದವಳಾಗಿಯೇ ಉಳಿಯುತ್ತಿದ್ದಳು. ಆ ಕುಟುಂಬದ ಯಜಮಾನ ಸಾಮಾನ್ಯವಾಗಿ ಅವಳ ಸೋದರಮಾವ. ಮನೆಗೆ ಹಿರಿಯಳು ಹೆಂಗಸಾದರೆ ಅವಳೇ ಯಜಮಾನ್ತಿ. ಗಂಡನಿಗೆ ಅಲ್ಲಿ ಮರ್ಯಾದೆ ಇತ್ತು, ಅಧಿಕಾರ ಇರಲಿಲ್ಲ.

ಇಂಥ ಮನೆಯಿಂದ ಬಂದವರ ಕಿವಿಗೆ ‘ಗಂಡನೇ ತಲೆ’ ಎಂಬ ಮಾತು ಹೊಸದಾಗಿತ್ತು. ಮತಾಂತರದ ಕಾರಣದಿಂದ ಯಾರೂ ಆಸ್ತಿಯ ಹಕ್ಕು ಕಳೆದುಕೊಳ್ಳಬಾರದೆಂದು 1850ರ ಕಾನೂನು ಹೇಳಿತ್ತು ನಿಜ. ಆದರೆ ಅಳಿಯಸಂತಾನದಲ್ಲಿ ಕುಟುಂಬದ ಒಬ್ಬ ಸದಸ್ಯ ತನ್ನ ಪಾಲು ಬಿಡಿಸಿಕೊಡಿ ಎಂದು ಒತ್ತಾಯಿಸುವಂತೆಯೇ ಇರಲಿಲ್ಲ. ಆ ಹಕ್ಕು ಕಾನೂನಿನಲ್ಲಿ ಬಂದದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆಯಿಂದ. ಹಾಗಾಗಿ ಕುಟುಂಬ ಬಿಟ್ಟು ಬಂದವರಿಗೆ ಮಿಷನ್ನೇ ಆಸರೆಯಾಗಬೇಕಾಯಿತು. ಅದು 1851ರಲ್ಲಿ ನೇಯ್ಗೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿ ಕೂಲಿ ಕೊಟ್ಟಿತು. ಗಂಡ, ಹೆಂಡತಿ, ಮಕ್ಕಳು ಇಷ್ಟೇ ಇರುವ ಹೊಸ ಬಗೆಯ ಸಂಸಾರ ಹುಟ್ಟಿಕೊಂಡಿತು. ಸೋದರಮಾವನ ಕೈಯಲ್ಲಿದ್ದ ಯಜಮಾನಿಕೆ ಗಂಡನ ಕೈಗೆ ಬಂತು.

ಇದರಿಂದ ಹೆಣ್ಣಿಗೆ ಲಾಭವೋ ನಷ್ಟವೋ? ಎರಡೂ ಹೌದು. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ ಕ್ರೈಸ್ತರಿಗೂ ಅನ್ವಯಿಸಿತು. ಅದರಂತೆ ಗಂಡ ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿಯ ಮೂರರಲ್ಲಿ ಒಂದು ಪಾಲು ವಿಧವೆಗೆ, ಉಳಿದದ್ದು ಮಕ್ಕಳಿಗೆ. ಗಂಡು ಹೆಣ್ಣೆಂಬ ಭೇದವಿಲ್ಲ. ಮಾವನ ಮನೆಯ ಅಳಿಯನಿಗೆ ಹೋಗಬಹುದಾಗಿದ್ದ ದುಡಿಮೆ ಈಗ ಹೆಂಡತಿ ಮಕ್ಕಳಿಗೆ ಉಳಿಯಿತು. ಆದರೆ ಗಂಡನೊಡನೆ ಬಾಳುವುದು ಆಗದಿದ್ದರೆ ಹಕ್ಕಿನಿಂದ ಹಿಂದಿರುಗಲು ಅವಳಿಗಿದ್ದ ತಾಯಿಯ ಮನೆ ಇಲ್ಲವಾಯಿತು.

ಅಂಥ ಹೆಣ್ಣು ನ್ಯಾಯಾಲಯಕ್ಕೆ ಹೋಗೋಣವೆಂದರೆ ಅಲ್ಲಿಯೂ ಗಂಡನದೇ ಮೇಲುಗೈ. 1869ರ ಭಾರತೀಯ ವಿಚ್ಛೇದನ ಕಾಯಿದೆಯ 10ನೆಯ ಕಲಮಿನ ಪ್ರಕಾರ ಹೆಂಡತಿಯ ವ್ಯಭಿಚಾರವೊಂದನ್ನೇ ಸಾಬೀತುಪಡಿಸಿ ಗಂಡ ವಿಚ್ಛೇದನ ಪಡೆಯಬಹುದಾಗಿತ್ತು. ಹೆಂಡತಿಗೆ ಅಷ್ಟು ಸಾಲದು. ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಎರಡು ವರ್ಷ ತನ್ನನ್ನು ತೊರೆದದ್ದನ್ನೋ ಸಾಬೀತುಪಡಿಸಬೇಕಿತ್ತು. ಹೆಂಡತಿಯ ಪ್ರಿಯಕರನಿಂದ ನಷ್ಟಪರಿಹಾರ ಕೇಳುವ ಹಕ್ಕೂ ಗಂಡನಿಗೆ ಮಾತ್ರ ಇತ್ತು. ಪೌಲನ ಪತ್ರದ ಮೊದಲ ಅರ್ಧ ಹೀಗೆ ಕಾನೂನಾಯಿತು. ಗಂಡ ತನ್ನನ್ನೇ ಕೊಟ್ಟುಕೊಳ್ಳಬೇಕೆಂಬ ಎರಡನೆಯ ಅರ್ಧ ಅವನ ಮನಸ್ಸಾಕ್ಷಿಗೆ ಬಿಟ್ಟ ವಿಷಯವಾಗಿ ಉಳಿಯಿತು.

ಈ ತಾರತಮ್ಯ ತೊಲಗಲು 132 ವರ್ಷ ಬೇಕಾಯಿತು. ಕೇರಳ ಹೈಕೋರ್ಟು 1995ರಲ್ಲಿ 10ನೆಯ ಕಲಮಿನ ಕೆಲವು ಭಾಗಗಳನ್ನು ತಳ್ಳಿಹಾಕಿತು. 2001ರಲ್ಲಿ ಸಂಸತ್ತು ಕಾಯಿದೆಗೆ ತಿದ್ದುಪಡಿ ತಂದು ಗಂಡ ಹೆಂಡಿರಿಬ್ಬರಿಗೂ ಒಂದೇ ಬಗೆಯ ಆಧಾರಗಳನ್ನು ನೀಡಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಆಗ ಅವಕಾಶವಾಯಿತು.

ಚರ್ಚುಗಳ ಓದೂ ಬದಲಾಗಿದೆ. ದಾಂಪತ್ಯದಲ್ಲಿ ಇಬ್ಬರ ಹಕ್ಕು ಬಾಧ್ಯತೆಗಳೂ ಸಮಾನವೆಂದು ಕಥೋಲಿಕರ 1983ರ ಧರ್ಮಸಭಾ ಸಂಹಿತೆ ಹೇಳುತ್ತದೆ. ಎಫೆಸದ ಪತ್ರ ಹೇಳುವ ಅಧೀನತೆ ಹೆಂಡತಿಯೊಬ್ಬಳದಲ್ಲ, ಪರಸ್ಪರವಾದದ್ದು ಎಂದು ಪೋಪ್ ಎರಡನೆಯ ಜಾನ್ ಪಾಲ್ 1988ರಲ್ಲಿ ವಿವರಿಸಿದರು. ಗಂಡನ ನಾಯಕತ್ವವೇ ದೇವರ ಚಿತ್ತವೆಂದು ಬೋಧಿಸುವ ಸಭೆಗಳೂ ಇವೆ. ಅವರ ಪ್ರಕಾರ ಅದು ದಬ್ಬಾಳಿಕೆಯಲ್ಲ, ಸೇವೆ.

ಆಸ್ತಿಯ ಕಾನೂನಿನಲ್ಲಿ ಮಾತ್ರ ಹಳೆಯ ಯಜಮಾನಿಕೆಯ ಗುರುತು ಬಹುಕಾಲ ಉಳಿಯಿತು. 1925ರ ಉತ್ತರಾಧಿಕಾರ ಕಾಯಿದೆಯ 42ನೆಯ ಕಲಮಿನಂತೆ, ಮಕ್ಕಳಿಲ್ಲದೆ, ಉಯಿಲು ಬರೆಯದೆ ತೀರಿಕೊಂಡ ಮಗನ ಆಸ್ತಿಯಲ್ಲಿ ಅವನ ವಿಧವೆಯ ಪಾಲು ಕಳೆದು ಉಳಿದದ್ದೆಲ್ಲ, ತಂದೆ ಬದುಕಿದ್ದರೆ, ತಂದೆಗೇ ಸೇರಬೇಕು. ಹೆತ್ತ ತಾಯಿಗೆ ಏನೂ ಇಲ್ಲ. ಇದು ಬದಲಾಗಬೇಕೆಂದು ಕಾನೂನು ಆಯೋಗವು 2014ರಲ್ಲಿ ತನ್ನ 247ನೆಯ ವರದಿಯಲ್ಲಿ ಶಿಫಾರಸು ಮಾಡಿತು. ತಾಯಿಯಿಂದಲೇ ಆಸ್ತಿ ಇಳಿದು ಬರುತ್ತಿದ್ದ ತುಳುನಾಡಿನ ಮನೆಯ ಯಜಮಾನ್ತಿಗೆ ಈ ಕಲಮು ವಿಚಿತ್ರವಾಗಿ ಕಂಡೀತು.