ಬೆಳಗಾವಿ–ಕೊಲ್ಹಾಪುರ ವಿಮಾನ ನಿಲ್ದಾಣಗಳ ನಡುವಿನ ದೂರ

ಬೆಳಗಾವಿ ವಿಮಾನ ನಿಲ್ದಾಣ (ಐಎಕ್ಸ್‌ಜಿ) ಹಾಗೂ ಕೊಲ್ಹಾಪುರದ ಛತ್ರಪತಿ ರಾಜಾರಾಮ್ ಮಹಾರಾಜ್ ವಿಮಾನ ನಿಲ್ದಾಣ (ಕೆಎಲ್‌ಎಚ್) ಕರ್ನಾಟಕ–ಮಹಾರಾಷ್ಟ್ರ ಗಡಿಯ ಎರಡು ಬದಿಗಳಲ್ಲಿರುವ ಪ್ರಾದೇಶಿಕ ನಿಲ್ದಾಣಗಳಾಗಿವೆ. ಇವುಗಳ ನಡುವಿನ ವಾಯುಮಾರ್ಗದ ನೇರ ದೂರ ಸುಮಾರು 96 ಕಿ.ಮೀ. (52 ನಾಟಿಕಲ್ ಮೈಲಿ). ರಸ್ತೆಯ ದೂರ ಸುಮಾರು 110 ಕಿ.ಮೀ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ ಜನರು ಈ ಎರಡೂ ನಿಲ್ದಾಣಗಳನ್ನು ಅವಲಂಬಿಸಿದ್ದಾರೆ.

ನಿಲ್ದಾಣಗಳು

ಬೆಳಗಾವಿಯ ಪೂರ್ವಕ್ಕೆ ಸಾಂಬ್ರಾ ಗ್ರಾಮದಲ್ಲಿರುವ ನಿಲ್ದಾಣವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬ್ರಿಟಿಷ್ ವಾಯುಪಡೆಯ ತರಬೇತಿಗಾಗಿ ನಿರ್ಮಿಸಲಾಯಿತು. ಉಜಳಾಯಿವಾಡಿಯಲ್ಲಿರುವ ಕೊಲ್ಹಾಪುರದ ನಿಲ್ದಾಣವು ಅದಕ್ಕಿಂತ ಹಳೆಯದು. 1939ರಲ್ಲಿ ಸಂಸ್ಥಾನದ ಆಡಳಿತದಲ್ಲಿ ಆರಂಭವಾಯಿತು. 2024ರ ಮಾರ್ಚ್ 10ರಂದು ಕೊಲ್ಹಾಪುರದ ಹೊಸ ಟರ್ಮಿನಲ್ ಉದ್ಘಾಟನೆಗೊಂಡಿತು. ಅದೇ ಕಾರ್ಯಕ್ರಮದಲ್ಲಿ ಬೆಳಗಾವಿಯ ಹೊಸ ಟರ್ಮಿನಲ್‌ಗೆ ಶಂಕುಸ್ಥಾಪನೆ ನಡೆಯಿತು.

ಹಾರಾಟದ ಅವಧಿ

ಇವೆರಡರ ನಡುವೆ ನಿಗದಿತ ನೇರ ವಿಮಾನ ಸೇವೆ ಇಲ್ಲ. ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಸಾಗುವ ಎಟಿಆರ್ ಮಾದರಿಯ ವಿಮಾನಕ್ಕೆ ಲೆಕ್ಕದ ಪ್ರಕಾರ ಈ ದೂರ 12 ನಿಮಿಷಗಳದು. ಆದರೆ ವಿಮಾನವು ಪೂರ್ಣ ವೇಗ ಪಡೆಯುವಷ್ಟರಲ್ಲೇ ಇಳಿಯಲು ಸಿದ್ಧವಾಗಬೇಕಾದ್ದರಿಂದ ವಾಸ್ತವದಲ್ಲಿ 20–25 ನಿಮಿಷ ಹಿಡಿಯುತ್ತದೆ. ಹೈದರಾಬಾದಿನ ಮೂಲಕ ವಿಮಾನ ಬದಲಿಸಿ ಹೋಗುವುದಾದರೆ ಒಟ್ಟು 880 ಕಿ.ಮೀ.ಯಷ್ಟು ಹಾರಬೇಕು. ಸಾಂಬ್ರಾದಿಂದ ಬೆಳಗಾವಿ ನಗರ, ನಂತರ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸಂಕೇಶ್ವರ, ನಿಪ್ಪಾಣಿ, ಕೊಗನೊಳ್ಳಿ, ಕಾಗಲ್ ಮಾರ್ಗವಾಗಿ ಕಾರಿನಲ್ಲಿ ಎರಡರಿಂದ ಎರಡೂವರೆ ಗಂಟೆಗಳಲ್ಲಿ ಉಜಳಾಯಿವಾಡಿ ತಲುಪಬಹುದು. ಹೀಗಾಗಿ ಈ ಅಂತರಕ್ಕೆ ವಿಮಾನಕ್ಕಿಂತ ರಸ್ತೆಯೇ ಸೂಕ್ತ.

ಗಡಿ ತಾಲ್ಲೂಕುಗಳು

ಆಡಳಿತದ ದೃಷ್ಟಿಯಿಂದ ಈ ಐದೂ ತಾಲ್ಲೂಕುಗಳು ಬೆಳಗಾವಿ ಜಿಲ್ಲೆಗೆ ಸೇರಿದ್ದರೂ ಐದೂ ಪಟ್ಟಣಗಳಿಗೆ ಸಮೀಪದ ವಿಮಾನ ನಿಲ್ದಾಣವಿರುವುದು ನೆರೆ ರಾಜ್ಯದಲ್ಲಿ. ನಿಪ್ಪಾಣಿಯಿಂದ ನೇರ ರೇಖೆಯಲ್ಲಿ ಕೊಲ್ಹಾಪುರ ನಿಲ್ದಾಣವು ಸುಮಾರು 31 ಕಿ.ಮೀ. ದೂರದಲ್ಲಿದ್ದರೆ ಸಾಂಬ್ರಾ 65 ಕಿ.ಮೀ. ದೂರದಲ್ಲಿದೆ. ಚಿಕ್ಕೋಡಿಯಿಂದ ಈ ಅಂತರಗಳು ಕ್ರಮವಾಗಿ 42 ಮತ್ತು 64, ರಾಯಬಾಗದಿಂದ 55 ಮತ್ತು 72, ಅಥಣಿಯಿಂದ 82 ಮತ್ತು 107 ಕಿ.ಮೀ. ಕಾಗವಾಡದ ವ್ಯತ್ಯಾಸ ಎಲ್ಲಕ್ಕಿಂತ ಹೆಚ್ಚು: ಕೊಲ್ಹಾಪುರಕ್ಕೆ 47, ಸಾಂಬ್ರಾಕ್ಕೆ 93 ಕಿ.ಮೀ. ರಾಯಬಾಗಕ್ಕೆ ಮೀರಜ್–ಬೆಳಗಾವಿ ರೈಲು ಮಾರ್ಗದ ಅನುಕೂಲವಿರುವುದರಿಂದ ಅಲ್ಲಿನ ಪ್ರಯಾಣಿಕರಿಗೆ ಬೆಳಗಾವಿಯೂ ಸುಲಭವೇ.

ಮಳೆಗಾಲದಲ್ಲಿ ಈ ಲೆಕ್ಕ ಬದಲಾಗುತ್ತದೆ. ಕೃಷ್ಣಾ ನದಿಯ ಉತ್ತರ ದಂಡೆಯಲ್ಲಿರುವ ಅಥಣಿ ಮತ್ತು ಕಾಗವಾಡದವರು ಬೆಳಗಾವಿಗೆ ಬರಲು ನದಿಯನ್ನು ದಾಟಲೇಬೇಕು. ಕುಡಚಿ–ಉಗಾರ ಸೇತುವೆ ದೊಡ್ಡ ಪ್ರವಾಹಗಳಲ್ಲಿ ಮುಳುಗುತ್ತದೆ. 2019 ಮತ್ತು 2021ರ ಪ್ರವಾಹಗಳಲ್ಲಿ ನಿಪ್ಪಾಣಿ ಸಮೀಪದ ಯಮಗರ್ಣಿ ಬಳಿ ವೇದಗಂಗಾ ನದಿಯ ನೀರು ಹೆದ್ದಾರಿಯನ್ನು ಆವರಿಸಿದಾಗ ಬೆಳಗಾವಿ–ಕೊಲ್ಹಾಪುರ ನಡುವಿನ ಸಂಚಾರವೇ ಸ್ಥಗಿತಗೊಂಡಿತ್ತು.